ಬೋರ್ ಹೋಗಿದೆ ಅಂದರು, ನೋಡಿದರೆ ಟ್ಯಾಪೆಟ್

ಮೂಡಿಗೆರೆಯ ಚಳಿಗೆ ನಮ್ಮ ಹಳೇ ಡೀಸೆಲ್ ಜೀಪು ಬೆಳಗ್ಗೆ ಸ್ಟಾರ್ಟ್ ಆಗೋದೇ ಕಷ್ಟವಾಗಿತ್ತು. ಸ್ಟಾರ್ಟ್ ಆದರೂ ಬಿಳಿ ಹೊಗೆ, ಗಡಗಡ ನಡುಕ. ನೋಡಿದ ಮೆಕ್ಯಾನಿಕ್ 'ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು' ಅಂದರು, ಅಂದರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ. ಕಾಫಿ ಕೊಯ್ಲಿನ ಟೈಮಲ್ಲಿ ಗಾಡಿ ಬಿಚ್ಚಿಟ್ಟರೆ ಆಗುತ್ತಾ?

ಚಿಕ್ಕಮಗಳೂರಿನ ಗೆಳೆಯನ ಹತ್ತಿರ ಸಿಲಿಂಡರಿನೊಳಗೆ ಒತ್ತಡ ಎಷ್ಟು ಏರುತ್ತೆ ಅಂತ ಅಳೆಯೋ ಡೀಸೆಲ್ ಕಂಪ್ರೆಷನ್ ಗೇಜ್ ತಂದೆ. ಪೆಟ್ರೋಲ್ ಗೇಜ್ ಸಾಮಾನ್ಯವಾಗಿ 300 ಪಿಎಸ್ಐಗೇ (ಒತ್ತಡದ ಅಳತೆ) ಮುಗಿಯುತ್ತದೆ, ಇದಕ್ಕೆ ಸಾಲಲ್ಲ. ಎಂಜಿನ್ ಬಿಸಿ ಮಾಡಿ, ಡೀಸೆಲ್ ಹೋಗದ ಹಾಗೆ ಪಂಪಿನ ಸೊಲೆನಾಯ್ಡ್ ವೈರ್ ಕಿತ್ತು, ಗೇಜ್ ಕೂರಿಸೋಕೆ ನಾಲ್ಕೂ ಸಿಲಿಂಡರಿನ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಒಳಗೆ ಬಿಸಿ ಕೊಡೋದು) ಬಿಚ್ಚಿದೆ. ಮೂರನೆಯದು ಮಸಿ ಹಿಡಿದು ಕೂತಿತ್ತು, ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ, ಒಳಗೇ ಮುರಿದರೆ ಅದು ಇನ್ನೊಂದು ತಲೆನೋವು ಅಲ್ವಾ.

ಗೇಜಿನ ಮುಳ್ಳು ಏರೋದು ನಿಲ್ಲೋವರೆಗೂ ತಮ್ಮ ಸೆಲ್ಫ್ ಹೊಡೆದ. 400, 410, 270, 395. ಸಿಕ್ಕಿಬಿತ್ತು ಮೂರನೇ ಸಿಲಿಂಡರ್! ಅದಕ್ಕೆ ಅರ್ಧ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ, 275. ಜಾಸ್ತಿ ಬಿಡಬೇಡಿ, ಡೀಸೆಲ್ ಎಂಜಿನ್ನಲ್ಲಿ ಪಿಸ್ಟನ್ ಮೇಲೆ ಜಾಗ ಬಹಳ ಕಡಿಮೆ, ಆಯಿಲ್ ಗಾಳಿಯ ಹಾಗೆ ಕುಗ್ಗಲ್ಲ, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡೇ ಬಾಗಬಹುದು. ಬೋರೋ ಪಿಸ್ಟನ್ ಸುತ್ತಲಿನ ರಿಂಗೋ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕಿತ್ತು. ಏರಲಿಲ್ಲ, ಹಾಗಾಗಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ವಾಲ್ವ್ ಮೇಲೆ ಅನುಮಾನ ಬಂತು.

ಮಾರನೇ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ವಾಲ್ವ್ ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿಗಳು) ಹಾಕಿದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೂ ಅದನ್ನು ಒತ್ತೋ ಭಾಗಕ್ಕೂ ನಡುವೆ ಇರಬೇಕಾದ ಟ್ಯಾಪೆಟ್ ಗ್ಯಾಪೇ ಇಲ್ಲ, ಅದಕ್ಕೇ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ತೀರಾ ತೆಳು ಪಟ್ಟಿಯೂ ನುಗ್ಗಲಿಲ್ಲ. ಗಾಡಿಯ ಪುಸ್ತಕದಲ್ಲಿದ್ದಷ್ಟು ಗ್ಯಾಪ್ ಇಟ್ಟು, ಓಡಿಸಿ ಬಿಸಿ ಮಾಡಿ ಅಳೆದೆ. 385! ಪುಣ್ಯಕ್ಕೆ ವಾಲ್ವ್ ಸುಟ್ಟಿರಲಿಲ್ಲ. ಖರ್ಚಾಗಿದ್ದು ಒಂದು ಕವರ್ ಗ್ಯಾಸ್ಕೆಟ್, ಗೆಳೆಯನಿಗೆ ಕೊಟ್ಟ ಎರಡು ಕೆಜಿ ಕಾಫಿಪುಡಿ.