ಗಿಟಾರ್ ತಂತಿ ಜರಗುಟ್ಟುತ್ತಿದೆಯೇ? ಪಿಕಪ್ ಕೊಳ್ಳುವ ಮೊದಲು ನೆಕ್ ನೋಡಿ

ಮಲೆನಾಡಿನಲ್ಲಿ ಮಳೆ ಇಳಿಯುವ ಹೊತ್ತಿಗೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳು ಶುರು. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಜೂನ್‌ನಿಂದ ಬ್ಯಾಗಿನೊಳಗೇ ಬಿದ್ದಿದ್ದ ಎಲೆಕ್ಟ್ರಿಕ್ ಗಿಟಾರ್ ಆಗ ಹೊರಬರುತ್ತದೆ. ಮೀಟಿದರೆ ಜರ್ ಎನ್ನುತ್ತದೆ. ಮರ ತೇವ ಹೀರಿ, ನೆಕ್‌ನ, ಅಂದರೆ ಗಿಟಾರ್‌ನ ಉದ್ದ ಕತ್ತಿನ, ಬಾಗು ಬದಲಾಗಿರುತ್ತದೆ. ಎಷ್ಟೋ ಹುಡುಗರು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪೇ ಹಾಳಾಗಿದೆ ಎಂದು ಹೊಸದಕ್ಕೆ ದುಡ್ಡು ಸುರಿಯುತ್ತಾರೆ. ತಂತಿ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಬಡಿಯುವ ಸದ್ದನ್ನು ಎಷ್ಟು ದುಬಾರಿ ಪಿಕಪ್ಪೂ ಹೋಗಲಾಡಿಸದು.

ಮೊದಲು ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಆಂಪ್‌ಗೆ (ಆಂಪ್ಲಿಫೈಯರ್) ಸಿಕ್ಕಿಸದೆ ಒಂದೊಂದೇ ಫ್ರೆಟ್ ಒತ್ತಿ ನುಡಿಸಿ. ಏನೂ ಒತ್ತದೆ ಮೀಟಿದಾಗ ಮಾತ್ರ ಜರಗುಟ್ಟಿದರೆ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಗೀರು ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಾದರೆ ನೆಕ್ ತೀರಾ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಎಲ್ಲೆಡೆಯೂ ಆದರೆ ತಂತಿಯೇ ತಗ್ಗಿನಲ್ಲಿದೆ. ಒಂದೇ ಜಾಗದಲ್ಲಾದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಅದನ್ನು ಉಜ್ಜಿ ಸಮ ಮಾಡುವುದು ಕೈ ಪಳಗಿದವರ ಕೆಲಸ, ಮನೆಯಲ್ಲಿ ಬೇಡ.

ನೆಕ್ ಅಳೆಯಲು ಫೀಲರ್ ಗೇಜ್ ಬೇಕು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವಾಗ ಬಳಸುತ್ತಾರಲ್ಲ, ಅದೇ ಉಕ್ಕಿನ ತೆಳು ಪಟ್ಟಿಗಳ ಕಟ್ಟು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒಂದನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೇ ಫ್ರೆಟ್ ಮೇಲೆ ತಂತಿಯ ಅಡಿಗೆ ಪಟ್ಟಿ ತೂರಿಸಿ ನೋಡಿ. ಸುಮಾರು 0.2ರಿಂದ 0.25 ಮಿ.ಮೀ. ಸಂದು ಇದ್ದರೆ ಸಾಕು. ಕಡಿಮೆಯಿದ್ದರೆ ನೆಕ್‌ನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಅನ್ನು ಎಡಕ್ಕೆ ಸಡಿಲಿಸಿ, ಹೆಚ್ಚಿದ್ದರೆ ಬಲಕ್ಕೆ ಬಿಗಿ ಮಾಡಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಅಳತೆಗೆ ಸರಿಯಾದ ಆಲನ್ ಕೀ ಬೇಕು. ಸಡಿಲ ಕೀ ಹಾಕಿ ಟ್ರಸ್ ರಾಡ್‌ನ ನಟ್ಟಿನ ಮೂಲೆ ಸವೆಸಿದರೆ ರಿಪೇರಿಗೆ ಭಾರೀ ಖರ್ಚು.

ಆಮೇಲೆ ತಂತಿಯ ಎತ್ತರ ಏರಿಸಿಳಿಸುವ ಬ್ರಿಡ್ಜ್. ಹನ್ನೆರಡನೇ ಫ್ರೆಟ್ ಮೇಲೆ ತೆಳು ತಂತಿಗೆ 1.5, ದಪ್ಪ ತಂತಿಗೆ 2 ಮಿ.ಮೀ. ಎತ್ತರ ಹೆಚ್ಚಿನವರಿಗೆ ಹಿಡಿಸುತ್ತದೆ. ಇಷ್ಟಾದ ಮೇಲೂ ಉಳಿದ ಸಣ್ಣ ಜರಜರ ಆಂಪ್‌ನಲ್ಲಿ ಕೇಳಿಸದಿದ್ದರೆ ಬಿಟ್ಟುಬಿಡಿ.

ಪಿಕಪ್ಪಿಗೂ ಈ ದೋಷಕ್ಕೂ ಒಂದು ನಂಟಿದೆ. ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಅದರ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. ಜರಗುಟ್ಟುತ್ತದೆ, ಶ್ರುತಿಯೂ ತೂಗಾಡುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ 2ರಿಂದ 3 ಮಿ.ಮೀ. ಅಂತರ ಉಳಿಯುವಂತೆ ಪಿಕಪ್ ಇಳಿಸಿ ನೋಡಿ. ಇದಕ್ಕೆ ಖರ್ಚೇ ಇಲ್ಲ.

ಮೀಟದೆಯೂ ಆಂಪ್ ಗುಂಯ್ ಎನ್ನುತ್ತಿದ್ದರೆ ಅದು 50 ಹರ್ಟ್ಸ್ ಕರೆಂಟಿನ ಗುಂಗು. ತಂತಿ ಮುಟ್ಟಿದ ಕೂಡಲೇ ತೀರಾ ಕಡಿಮೆಯಾದರೆ ಗಿಟಾರ್ ಒಳಗಿನ ಶೀಲ್ಡಿಂಗ್ (ಗುಂಗು ತಡೆಯುವ ಲೋಹದ ಹೊದಿಕೆ) ಸಾಲದು. ಮುಟ್ಟಿದಾಗ ಶಾಕ್ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ.

ಗುಂಗು ತಡೆಯಲು ಹಂಬಕರ್ ಎಂಬ ಪಿಕಪ್ ಒಳ್ಳೆಯದು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಪಿಕಪ್‌ನಲ್ಲಿ ಎರಡು ಕಾಯಿಲ್‌ಗಳು ಪರಸ್ಪರರ ಗುಂಗನ್ನು ಅಳಿಸಿಬಿಡುತ್ತವೆ. ಕೊಳ್ಳುವ ಮೊದಲು ಗಿಟಾರ್‌ನಲ್ಲಿ ಪಿಕಪ್ ಕೂರುವ ಗುಳಿಯ ಅಳತೆ ನೋಡಿ. ಹಂಬಕರ್‌ಗೆ ಸಾಮಾನ್ಯವಾಗಿ 500 ಕಿಲೋಓಮ್, ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್ ವಾಲ್ಯೂಮ್ ಪಾಟ್ (ಸದ್ದು ಏರಿಸಿಳಿಸುವ ಗುಂಡಿಯ ಕೆಳಗಿನ ರೆಸಿಸ್ಟರ್) ಹೊಂದುತ್ತದೆ.

ಹಳೆಯ ವೈರಿಂಗ್‌ನ ಫೋಟೊ ತೆಗೆದುಕೊಂಡೇ ಬೆಸುಗೆ ಬಿಚ್ಚಿ. ಬಣ್ಣ ನೋಡಿ ಊಹಿಸಬೇಡಿ, ಒಂದೊಂದು ಕಂಪನಿಯ ಬಣ್ಣ ಒಂದೊಂದು. ಜೊತೆಗೆ ಬಂದ ಚಿತ್ರವನ್ನೇ ಅನುಸರಿಸಿ. ತಂತಿ ಹಾಕುವ ಮೊದಲು ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರ್‌ನಿಂದ ಪಿಕಪ್‌ನ ಮೇಲೆ ಮೆಲ್ಲಗೆ ತಟ್ಟಿ. ಟಕ್ ಎಂದು ಕೇಳಿಸಿದರೆ ಸರಿಯಿದೆ. ಎರಡು ಪಿಕಪ್‌ ಒಟ್ಟಿಗೆ ಹಾಕಿದಾಗ ಸದ್ದು ಸೊರಗಿ ಮೂಗಿನಿಂದ ಬಂದಂತಿದ್ದರೆ ಒಂದರ ಫೇಸ್ (ಸಂಕೇತದ ಏರಿಳಿತ) ಇನ್ನೊಂದಕ್ಕೆ ತಿರುಗುಮುರುಗಾಗಿದೆ ಎಂದರ್ಥ. ಅದರ ಎರಡು ಕಾಯಿಲ್ ವೈರ್‌ಗಳನ್ನು ಅದಲುಬದಲು ಮಾಡಿ, ಶೀಲ್ಡ್ ವೈರ್ ಮಾತ್ರ ಗ್ರೌಂಡ್‌ಗೇ ಇರಲಿ.