ಬೆಳಿಗ್ಗೆ 32 ಇಂಚು, ಸಂಜೆ 34: ನನ್ನ ಹೊಟ್ಟೆ ಉಬ್ಬರದ ಲೆಕ್ಕ

ನಾನು ಬ್ಲೌಸ್ ಹೊಲಿಯುವವಳು. ಶಿವಮೊಗ್ಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ವರ್ಷ ಸಂಜೆಯಾದರೆ ಸಾಕು, ಹೊಟ್ಟೆ ಕಾಯಿಸಿದ ತಮಟೆಯ ಹಾಗೆ ಬಿಗಿದುಕೊಳ್ಳುತ್ತಿತ್ತು. ಲಂಗದ ಲಾಡಿ ಕೂತ ಜಾಗದಲ್ಲಿ ಕೆಂಪು ಗೆರೆ. ಐದು ಗಂಟೆಗೆ ಲಾಡಿ ಸಡಿಲ ಮಾಡಿಕೊಂಡೇ ಮಷಿನ್ ಮುಂದೆ ಕೂರಬೇಕಿತ್ತು.

ಎಲ್ಲರ ಹಾಗೆ ನಾನೂ ಮೆಡಿಕಲ್ ಶಾಪಿನಲ್ಲಿ "ಗ್ಯಾಸ್ ಮಾತ್ರೆ ಕೊಡಿ" ಅಂತ ಕೇಳಿ ತಂದು ನುಂಗಿದೆ. ತಿಂಗಳುಗಟ್ಟಲೆ. ಎದೆಯುರಿ ಕಡಿಮೆಯಾಯಿತು, ಉಬ್ಬರ ಮಾತ್ರ ಇದ್ದ ಹಾಗೇ ಇತ್ತು. ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ನಾವು ಗ್ಯಾಸ್ ಮಾತ್ರೆ ಅನ್ನುವುದು ಬಹುಪಾಲು ಆಮ್ಲ ಕಡಿಮೆ ಮಾಡುವ ಮಾತ್ರೆ. ಆಮ್ಲ ಬೇರೆ, ಗಾಳಿ ಬೇರೆ. ಆಮ್ಲ ಇರುವುದು ಮೇಲೆ, ಜಠರದಲ್ಲಿ. ನನ್ನ ಗಾಳಿ ಹುಟ್ಟುತ್ತಿದ್ದದ್ದು ಕೆಳಗೆ, ದೊಡ್ಡ ಕರುಳಿನಲ್ಲಿ.

ಅವರು ಮೊದಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರು. ತೂಕ ಇಳಿದಿದೆಯಾ, ಮೋಶನ್‌ನಲ್ಲಿ ರಕ್ತ ಹೋಗುತ್ತಾ, ವಾಂತಿ ಇದೆಯಾ ಅಂತ ಕೇಳಿದರು. ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. 50 ದಾಟಿದ ಹೆಂಗಸರಿಗೆ ಹೊಸದಾಗಿ ಉಬ್ಬರ ಶುರುವಾಗಿ ವಾರಗಟ್ಟಲೆ ಇಳಿಯದಿದ್ದರೆ ಅಂಡಾಶಯವನ್ನೂ ನೋಡಿಸಲೇಬೇಕು. ಇದನ್ನು ನಾನು ನನ್ನ ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ನನಗೆ ಅಂಥದ್ದೇನೂ ಇರಲಿಲ್ಲ. "ಏನು ತಿಂದಾಗ ಹೀಗಾಗುತ್ತೆ, ಬರೆದುಕೊಂಡು ಬನ್ನಿ" ಅಂದರು.

ಬರೆಯುವುದು ನನಗೆ ಹೊಸದಲ್ಲ. ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ನನ್ನ ಹೆಸರಿಗೂ ಒಂದು ಪುಟ ಮಾಡಿಕೊಂಡೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ನೆಟ್ಟಗೆ ನಿಂತು, ಉಸಿರು ಬಿಟ್ಟು, ಹೊಕ್ಕುಳಿನ ಮಟ್ಟಕ್ಕೆ ಟೇಪು. ಬಿಗಿಯಾಗಿ ಎಳೆಯಬಾರದು, ಒಂದು ಬೆರಳು ಆಡಬೇಕು. ಮೊದಲ ವಾರ ಬೆಳಿಗ್ಗೆ 32, ಸಂಜೆ 34. ಒಂದು ದಿನ ಮಾತ್ರ ಸಂಜೆಯೂ 32 ಮುಕ್ಕಾಲು. ಅವತ್ತು ಏನು ಮಾಡಿದ್ದೆ ಅಂತ ಹಾಳೆ ತಿರುಗಿಸಿ ನೋಡಿದೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಜಾಸ್ತಿಯೇ ಆಗಿತ್ತು. ಆದರೆ ಇಡೀ ದಿನ ಒಂದೇ ಕಾಫಿ.

ಬೇರೆ ದಿನ ನಾಲ್ಕು ಕಾಫಿ, ರಾತ್ರಿ ಒಂದು ಲೋಟ ಹಾಲು. ಎಲ್ಲ ಸೇರಿ ಅರ್ಧ ಲೀಟರ್ ದಾಟುತ್ತಿತ್ತು. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ, 100 ಮಿಲಿಗೆ ಸುಮಾರು 5 ಗ್ರಾಂ. ಅದನ್ನು ಒಡೆಯುವ ಕಿಣ್ವ ಮಗುವಾಗಿದ್ದಾಗ ಚೆನ್ನಾಗಿರುತ್ತದೆ, ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ದೋಸೆ ಹಿಟ್ಟು ರಾತ್ರಿ ಉಬ್ಬಿ ಪಾತ್ರೆಯ ಮುಚ್ಚಳ ಎತ್ತುತ್ತದಲ್ವಾ, ಹಾಗೆ.

ಎರಡು ವಾರ ಹಾಲು ಪೂರ್ತಿ ಬಿಟ್ಟೆ. ಬೇರೆ ಏನನ್ನೂ ಬದಲಾಯಿಸಲಿಲ್ಲ, ಯಾಕೆಂದರೆ ಒಟ್ಟಿಗೆ ನಾಲ್ಕು ಬಿಟ್ಟರೆ ಯಾವುದರಿಂದ ಗುಣ ಆಯಿತು ಅಂತ ಗೊತ್ತಾಗುವುದಿಲ್ಲ. ಸಂಜೆಯ ಅಳತೆ 33ಕ್ಕಿಂತ ಕೆಳಗೆ ಬಂತು. ಹದಿನೈದನೇ ದಿನ ಬೇಕೆಂತಲೇ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಹಾಲು ಕುಡಿದೆ. ಎರಡು ಗಂಟೆಯೊಳಗೆ ಗುಡುಗುಡು ಶುರು, ಹೊಟ್ಟೆ ಹಿಂಡಿ ಬಂತು. ಮೊಸರು ಮಾತ್ರ ಏನೂ ಮಾಡಲಿಲ್ಲ. ಹಾಲು ಹೆಪ್ಪಾಗುವಾಗಲೇ ಆ ಸಕ್ಕರೆಯಲ್ಲಿ ಒಂದಿಷ್ಟು ಖರ್ಚಾಗಿರುತ್ತದೆ. ಈಗ ಬೆಳಿಗ್ಗೆ ತಿಂಡಿ ಜೊತೆ ಒಂದು ಕಾಫಿ, ಅಷ್ಟೇ. ಹೊಟ್ಟೆಯಲ್ಲಿ ಬೇರೆ ಆಹಾರ ಇದ್ದಾಗ ಅಷ್ಟು ಹಾಲು ತಡೆಯುತ್ತದೆ.

ಉಳಿದ ಅರ್ಧ ಇಂಚಿಗೆ ಕಾರಣ ಕಾಳು. ಹುರುಳಿ, ಕಡಲೆ, ಅವರೆಯಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲೇ ಇಲ್ಲ. ನಾನು ಆತುರಕ್ಕೆ ಎರಡು ಗಂಟೆ ನೆನೆಸಿ, ಅದೇ ನೀರಿನಲ್ಲಿ ಕುಕ್ಕರ್ ಇಡುತ್ತಿದ್ದೆ. ಈಗ ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸುತ್ತೇನೆ. ಹುರುಳಿಯನ್ನು ಮೊಳಕೆ ಕಟ್ಟಿದರೆ ಇನ್ನೂ ಹಗುರ. ಒಗ್ಗರಣೆಗೆ ಇಂಗು ಅಮ್ಮ ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ಆದರೆ ನೀರು ಚೆಲ್ಲಿದ್ದರಿಂದಲೇ ಹೆಚ್ಚು ಗುಣ ಕಂಡಿದ್ದು.

ಇನ್ನೊಂದು ಗಾಳಿ ಬಾಯಿಂದಲೇ ಒಳಗೆ ಹೋಗುತ್ತಿತ್ತು. ಗಿರಾಕಿ ಕಾಯುತ್ತಾರೆ ಅಂತ ಐದು ನಿಮಿಷದಲ್ಲಿ ಗಬಗಬ ತಿನ್ನುತ್ತಿದ್ದೆ. ಈಗ ಒಂದೂವರೆಗೆ ಬಾಗಿಲು ಮುಂದೆ ಮಾಡಿ ಕೂತು ಊಟ ಮಾಡುತ್ತೇನೆ, ಆಮೇಲೆ ಬೀದಿ ತುದಿಯವರೆಗೆ ನಡೆದು ಬರುತ್ತೇನೆ. ಮಲಬದ್ಧತೆ ಇದ್ದ ದಿನ ಟೇಪು ಜಾಸ್ತಿಯೇ ತೋರಿಸುತ್ತದೆ, ಅದಕ್ಕೆ ಮಷಿನ್ ಪಕ್ಕ ನೀರಿನ ಚೊಂಬು ಇರುತ್ತದೆ. ಸೋಡಾ ಬಿಟ್ಟೆ. ತೇಗು ಬಂದರೆ ಹಗುರ ಅನಿಸುತ್ತದೆ, ಆದರೆ ಆ ಗಾಳಿಯನ್ನು ಒಳಗೆ ಹಾಕಿದ್ದೂ ಅದೇ ಸೋಡಾ.

ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಸಾರು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕಳೆದ ಜನವರಿಯಲ್ಲಿ ಎರಡು ಸೌಟು ಬಡಿಸಿಕೊಂಡೆ. ಸಂಜೆ 33 ಕಾಲು. ಮರುದಿನ ಬೆಳಿಗ್ಗೆ 32. ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.