ತುರಿಸದವರಿಗೂ ಮುಲಾಮು

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ನಾನು ಶುಶ್ರೂಷಕಿ. ಆರನೇ ತರಗತಿಯಿಂದ ಹತ್ತರವರೆಗೆ 250 ಮಕ್ಕಳಿದ್ದಾರೆ. ವೈದ್ಯರನ್ನು ಕಾಣಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಇಲ್ಲಿಗೆ ಬರುವ ಮೊದಲು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ರೋಗಿ ಎಂದರೆ ಒಂದು ಮಂಚ, ಒಂದು ಚೀಟಿ. ಆ ಲೆಕ್ಕವನ್ನೇ ಇಲ್ಲಿಗೂ ತಂದು ಎಡವಿದೆ.

ಜುಲೈ ತಿಂಗಳು. ಆರನೇ ತರಗತಿಯ ಎಂಟು ಹುಡುಗರು ರಾತ್ರಿಯಿಡೀ ಮೈ ಕೆರೆದುಕೊಂಡು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದರು. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳು. ಕಜ್ಜಿ ಎಂದು ಗುರುತಿಸಲು ಕಷ್ಟವಾಗಲಿಲ್ಲ. ವೈದ್ಯರು ಬರೆದುಕೊಟ್ಟ ಪರ್ಮೆಥ್ರಿನ್ ಮುಲಾಮನ್ನು ಎಂಟು ಮಂದಿಗೂ ಹಚ್ಚಿಸಿದೆ, ವಾಸಿಯಾಯಿತು. ಸೆಪ್ಟೆಂಬರಿನಲ್ಲಿ ಎಣಿಸಿದಾಗ ಇಪ್ಪತ್ತಾರು ಮಂದಿ ಇದ್ದರು. ಮೊದಲಿನ ಎಂಟರಲ್ಲಿ ಐವರು ಮತ್ತೆ ಅದರಲ್ಲಿದ್ದರು.

ವೈದ್ಯರು ಬೈಯಲಿಲ್ಲ. "ತುರಿಸದವರಿಗೆ ಯಾಕೆ ಹಚ್ಚಲಿಲ್ಲ?" ಎಂದು ಕೇಳಿದರು, ಅಷ್ಟೇ. ಕಜ್ಜಿಯ ಹುಳ ಮೊದಲ ಸಲ ಮೈ ಹೊಕ್ಕಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಆ ಹುಡುಗ ಆರಾಮವಾಗಿ ಗೆಳೆಯನ ಪಕ್ಕದಲ್ಲೇ ಮಲಗಿ ಹುಳ ಹಂಚುತ್ತಿರುತ್ತಾನೆ. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ದಸರಾ ರಜೆ ಮುಗಿಸಿ ಎಲ್ಲರೂ ಬಂದ ಮೇಲೆ ಒಂದು ಶನಿವಾರ ಗೊತ್ತು ಮಾಡಿದೆವು. ಊಟ ಬೇಗ ಮುಗಿಸಿದೆವು, ಏಕೆಂದರೆ ಹಚ್ಚಿದ ಮೇಲೆ ಕೈ ತೊಳೆದರೆ ಬೆರಳ ಸಂದಿನ ಮದ್ದೆಲ್ಲ ನೀರುಪಾಲು. ಮೊದಲು ಉಗುರು ಕತ್ತರಿಸಿಕೊಂಡರು. ಹುಳ, ಮೊಟ್ಟೆ ಉಗುರಿನಡಿಯಲ್ಲೂ ಉಳಿಯುತ್ತವೆ. ಆಮೇಲೆ ಕತ್ತಿನಿಂದ ಅಂಗಾಲಿನವರೆಗೆ ಮುಲಾಮು. ಹುಡುಗಿಯರ ಕಡೆ ನಾನು ಮತ್ತು ಇಬ್ಬರು ಶಿಕ್ಷಕಿಯರು, ಹುಡುಗರ ಕಡೆ ವಾರ್ಡನ್. ತುರಿಕೆ ಇರುವ ಕಡೆ ಮಾತ್ರ ಸವರಿಕೊಂಡು ಓಡುವವರೇ ಹೆಚ್ಚು. ಆದ್ದರಿಂದ ಜೋಡಿ ಮಾಡಿ, ಒಬ್ಬನ ಬೆನ್ನಿಗೆ ಇನ್ನೊಬ್ಬ ಹಚ್ಚುವಂತೆ ಮಾಡಿದೆವು. ಹತ್ತನೇ ತರಗತಿಯ ಹುಡುಗರು ನಾಚಿಕೊಂಡು, "ನಮಗೇನೂ ಇಲ್ಲ ಸಿಸ್ಟರ್" ಎಂದರು. ವಾರ್ಡನ್ ತಾವೇ ಮೊದಲು ತೋಳಿಗೆ ಹಚ್ಚಿಕೊಂಡ ಮೇಲೆ ಸುಮ್ಮನಾದರು. ಅಡುಗೆಯವರು, ಕಾವಲುಗಾರ, ನಾನು, ಯಾರನ್ನೂ ಬಿಡಲಿಲ್ಲ. ಹೆಸರಿನ ಮುಂದೆ ಹಚ್ಚಿದ ಹೊತ್ತನ್ನು ವಹಿಯಲ್ಲಿ ಬರೆದೆ. ಹಚ್ಚಿ ಎಂಟು ತಾಸು ಕಳೆಯುವ ಮೊದಲು ಯಾರಿಗೂ ಸ್ನಾನವಿಲ್ಲ.

ಬಟ್ಟೆಯದೇ ದೊಡ್ಡ ರಗಳೆ. ಚಾದರಗಳನ್ನು ಕುದಿಸಲು ಅಡುಗೆಮನೆಯ ಪಾತ್ರೆ ಕೇಳಿದೆ. "ಅನ್ನ ಬೇಯಿಸುವ ಪಾತ್ರೆಯಲ್ಲಿ ಕಜ್ಜಿಯ ಬಟ್ಟೆಯೇ?" ಎಂದು ಅಡುಗೆಯ ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದರು. ಅವರ ಮಾತು ಸರಿ. ಸ್ನಾನದ ನೀರಿನ ಹಂಡೆಯಲ್ಲಿ ಸರದಿಯ ಮೇಲೆ ಕುದಿಸಿದೆವು. ಕಂಬಳಿಗಳನ್ನು ಕುದಿಸುವಂತಿರಲಿಲ್ಲ, ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಬಾಯಿ ಬಿಗಿದು ನಾಲ್ಕು ದಿನ ಇಟ್ಟೆವು. ಮನುಷ್ಯರ ಮೈ ಸಿಗದಿದ್ದರೆ ಈ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಪುಣ್ಯಕ್ಕೆ ಕಂಬಳಿ ಬೇಡದಷ್ಟು ಸೆಕೆ ಇತ್ತು.

ಏಳು ದಿನಕ್ಕೆ ಮತ್ತೆ ಅದೇ ಮೆರವಣಿಗೆ ಆಗಬೇಕಿತ್ತು. ಎರಡನೆಯ ಸಲ ಮುಲಾಮು ಸಾಲದೆ ಬಂದು ಮೂರು ದಿನ ತಡವಾಯಿತು. ಆ ಮೂರು ದಿನ ನಾನು ಸರಿಯಾಗಿ ನಿದ್ರೆ ಮಾಡಲಿಲ್ಲ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ ಎಂಬುದನ್ನು ಪಾಲಕರಿಗೆ ಮೊದಲೇ ಹೇಳಿಡಬೇಕಿತ್ತು. ಹೇಳಿರಲಿಲ್ಲ. ಫೋನಿನಲ್ಲಿ ಬೈಗುಳ ತಿಂದೆ.

ಉಳಿದ ಕೆಲಸ ಎಲ್ಲ ವಸತಿ ಶಾಲೆಗಳಲ್ಲೂ ಇರುವಂಥದ್ದೇ: ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, ಅದೂ ಊಟವಾದ ಮೇಲೆ, ವರ್ಷಕ್ಕೆರಡು ಸಲ ಜಂತುಹುಳುವಿಗೆ ಅಲ್ಬೆಂಡಜೋಲ್, ಪಾಲಕರು ಬಂದು ಹೋದ ಭಾನುವಾರದ ಮರುದಿನ ಬರುವ ಹೊಟ್ಟೆನೋವುಗಳು. ಆ ಹೊಟ್ಟೆನೋವನ್ನು ಸುಳ್ಳೆಂದು ನಾನು ಎಂದೂ ಬರೆದುಕೊಳ್ಳುವುದಿಲ್ಲ, ಹೊಟ್ಟೆ ಮುಟ್ಟಿ ನೋಡದೆ ಕಳಿಸುವುದೂ ಇಲ್ಲ.

ಈಗ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಟ್ರಂಕು ಇಳಿಸುವಾಗಲೇ ಕೈ ಹಿಡಿದು ಬೆರಳ ಸಂದು ನೋಡುತ್ತೇನೆ. ಕಳೆದ ಸಲ ಒಬ್ಬ ತಾಯಿಗೆ ಇದು ಅವಮಾನವೆನಿಸಿ ಮುಖ ಗಂಟಿಕ್ಕಿದರು. ಮಗನ ಕೈಯಲ್ಲಿ ಗುಳ್ಳೆಗಳಿದ್ದವು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಗಂಡ ಅತ್ತ ಹೋದ ಮೇಲೆ ಸೆರಗಿನಡಿಯಿಂದ ತಮ್ಮ ಕೈಯನ್ನೂ ಮುಂದೆ ಮಾಡಿದರು.

"ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ?" ಎಂದು ಕೇಳಿದೆ.

"ಒಂಬತ್ತು ಜನ, ಅಕ್ಕಾ."